ಬೀಪ್ ಆದ ಮೇಲಿನ ಒಂದೂವರೆ ಸೆಕೆಂಡು: ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆದು ಗುರಿ ಹೊಡೆಯುವ ಅಭ್ಯಾಸ

ನನ್ನ ಮೊದಲ ಪಂದ್ಯದ ವಿಡಿಯೊ ಈಗಲೂ ಫೋನಿನಲ್ಲಿದೆ. ಟೈಮರ್ ಬೀಪ್ ಅನ್ನುತ್ತದೆ. ನನ್ನ ಬಲಗೈ ಮಿಂಚಿನ ಹಾಗೆ ಸೊಂಟದ ಹೋಲ್‌ಸ್ಟರ್‌ಗೆ, ಅಂದರೆ ಪಿಸ್ತೂಲಿನ ಒರೆಗೆ, ಹೋಗುತ್ತದೆ. ಆಮೇಲೆ ಅಲ್ಲೇ ತಡಕಾಡುತ್ತದೆ. ಹಿಡಿ ಸರಿಯಾಗಿ ಸಿಕ್ಕಿಲ್ಲ. ಪಿಸ್ತೂಲು ಅರ್ಧ ಮೇಲೆ ಬಂದ ಮೇಲೆ ಬೆರಳುಗಳನ್ನು ಮತ್ತೆ ಹೊಂದಿಸಿಕೊಳ್ಳುತ್ತೇನೆ, ತೋಳು ಚಾಚಿದ ಮೇಲೆ ಸೈಟ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಗುರಿ ನೋಡುವ ಗುರುತು, ಎಲ್ಲಿದೆ ಅಂತ ಹುಡುಕುತ್ತೇನೆ. ಮೊದಲ ಗುಂಡಿಗೆ 2.6 ಸೆಕೆಂಡು. ಅದೂ ಟಾರ್ಗೆಟ್‌ನ ಎಡಗಡೆ ಕೆಳಗೆ. ನನ್ನ ನಂತರ ಬಂದವರು ಅರವತ್ತು ದಾಟಿದ ಒಬ್ಬ ಹಿರಿಯರು. ಯಾವ ಅವಸರವೂ ಇಲ್ಲದವರ ಹಾಗೆ ನಿಂತಿದ್ದರು. 1.4ಕ್ಕೆ ಹೊಡೆದರು, ನಡುವಿಗೇ. ಅವರ ಕೈ ನನ್ನ ಕೈಗಿಂತ ವೇಗವಾಗಿ ಹೋಗಿರಲಿಲ್ಲ. ಹಿಡಿ ಒಂದೇ ಸಲಕ್ಕೆ ಸಿಕ್ಕಿತ್ತು, ಅಷ್ಟೆ.

ಮನೆಗೆ ಬಂದು ವಿಡಿಯೊವನ್ನು ನಿಧಾನ ಮಾಡಿ ನೋಡಿದೆ. ಕೈ ಸೊಂಟ ಮುಟ್ಟಲು ಅರ್ಧ ಸೆಕೆಂಡು. ತಡಕಾಟಕ್ಕೆ 0.9. ತೋಳು ಚಾಚಲು 0.6. ಸೈಟ್ ಹುಡುಕಲು ಮತ್ತೆ 0.6. ಅಂದರೆ ಒಂದೂವರೆ ಸೆಕೆಂಡು ಹೋದದ್ದು ನಿಧಾನದಿಂದ ಅಲ್ಲ, ಮಾಡಿದ್ದನ್ನೇ ಸರಿಪಡಿಸುವುದರಿಂದ. ಅದನ್ನು ಹೇಗೆ ಕಮ್ಮಿ ಮಾಡುವುದು ಅನ್ನುವುದೇ ಮುಂದಿನ ಮಾತೆಲ್ಲ.

ನಾನು ಟೆಕ್ಸಾಸ್‌ನಲ್ಲಿ ಯುಎಸ್‌ಪಿಎಸ್‌ಎ ಎಂಬ ಸಂಸ್ಥೆಯ ಪಿಸ್ತೂಲು ಪಂದ್ಯಗಳಲ್ಲಿ ಆಡುವವನು. 1976ರಲ್ಲಿ ಮಿಸ್ಸೂರಿಯ ಕೊಲಂಬಿಯಾದಲ್ಲಿ ಹುಟ್ಟಿದ ಐಪಿಎಸ್‌ಸಿ ಎಂಬ ಕ್ರೀಡಾ ಒಕ್ಕೂಟದ ಅಮೆರಿಕದ ಶಾಖೆ ಇದು, 1984ರಿಂದ ನಡೆಯುತ್ತಿದೆ. ಐಪಿಎಸ್‌ಸಿಯ ಮೊದಲ ಅಧ್ಯಕ್ಷ ಜೆಫ್ ಕೂಪರ್. ಒಕ್ಕೂಟದ ಧ್ಯೇಯವಾಕ್ಯದಲ್ಲಿ ಮೂರು ಲ್ಯಾಟಿನ್ ಪದಗಳಿವೆ: ನಿಖರತೆ, ಬಲ, ವೇಗ. ವೇಗ ಕೊನೆಯಲ್ಲಿದೆ ಅನ್ನುವುದನ್ನು ಗಮನಿಸಿ.

ಮೊದಲು ಕಾಗದಪತ್ರ

ಇಲ್ಲಿ ನಮ್ಮವರು ಜಾಸ್ತಿ ಎಡವುವುದು ಗುರಿಯಲ್ಲಿ ಅಲ್ಲ, ವೀಸಾದಲ್ಲಿ. ಎಚ್-1ಬಿ, ಎಲ್-1, ಎಫ್-1 ಥರದ ಕೆಲಸದ, ಓದಿನ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ರೇಂಜ್‌ನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಒಂದು ಗಂಟೆಗೆ ಬಾಡಿಗೆಗೆ ತೆಗೆದುಕೊಂಡು ಕೈಯಲ್ಲಿ ಹಿಡಿದರೂ ಅದು ಹೊಂದಿದ ಲೆಕ್ಕಕ್ಕೇ ಬರಬಹುದು. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ, ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಟೀಮ್ ಔಟಿಂಗ್ ಅಂತ ಆಫೀಸಿನವರು ಕರೆದರು ಎಂದು ಸುಮ್ನೆ ಹೊರಟುಬಿಡಬೇಡಿ. ವಕೀಲರನ್ನು ಕೇಳಿ, ಪಕ್ಕದ ಕ್ಯುಬಿಕಲ್‌ನವರನ್ನಲ್ಲ.

ಇನ್ನೊಂದು ವಿಷಯ. ಬಹಳಷ್ಟು ಒಳಾಂಗಣ ರೇಂಜ್‌ಗಳಲ್ಲಿ ಹೋಲ್‌ಸ್ಟರ್‌ನಿಂದ ತೆಗೆದು ಹೊಡೆಯಲು ಬಿಡುವುದೇ ಇಲ್ಲ. ಕೆಲವು ಕಡೆ ಅವರದೇ ತರಗತಿ ಮುಗಿಸಿದವರಿಗೆ ಮಾತ್ರ ಬಿಡುತ್ತಾರೆ. ಹಾಗಾಗಿ ಪಂದ್ಯ ನಡೆಸುವ ಹೊರಾಂಗಣ ಕ್ಲಬ್ ಹುಡುಕಿ. ಮೂರು ಕಡೆ ಮಣ್ಣಿನ ದಿಬ್ಬ ಇರುವ ಗುರಿ ಅಂಕಣ (ಬೇ) ಸಿಗುತ್ತದೆ, ನೋಡಿಕೊಳ್ಳಲು ಅನುಭವಸ್ಥರೂ ಸಿಗುತ್ತಾರೆ. ಇದುವರೆಗೆ ಹೋಲ್‌ಸ್ಟರ್ ಕಟ್ಟಿಯೇ ಇಲ್ಲ ಅಂದರೆ ಮೊದಲು ಒಂದು ದಿನದ ತರಗತಿಗೆ ದುಡ್ಡು ಕೊಡಿ. ಓದಿ ಕಲಿಯುವುದಕ್ಕೆ ಒಂದು ಮಿತಿ ಇದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಓದುತ್ತಿರುವವರಿಗೆ: ನಮ್ಮಲ್ಲಿ ಪಿಸ್ತೂಲ್ ಶೂಟಿಂಗ್ ಕಲಿಯುವುದೆಂದರೆ ಬಹುತೇಕ ಒಲಿಂಪಿಕ್ ಪದ್ಧತಿ, ಅಲ್ಲಿ ಹೋಲ್‌ಸ್ಟರ್ ಇಲ್ಲ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ತೋಳನ್ನು 45 ಡಿಗ್ರಿ ಕೆಳಗಿಟ್ಟು ಕಾಯುತ್ತಾರೆ. ಐದು ಟಾರ್ಗೆಟ್‌ಗೆ ಐದು ಗುಂಡು, 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ನಿಮಗೆ ಸೊಂಟದ ಭಾಗ ಬೇಡ. ಆದರೆ ತೋಳು ಮೇಲೇರುವಾಗ ಕಣ್ಣು ಮತ್ತು ಬೆರಳು ಮಾಡುವ ಕೆಲಸ ಅಲ್ಲೂ ಇಲ್ಲೂ ಒಂದೇ.

ಬೆಲ್ಟು ಗಟ್ಟಿಯಿರಲಿ

ಪಿಸ್ತೂಲಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರು ಬೆಲ್ಟಿನ ಬಗ್ಗೆ ಯೋಚಿಸುವುದಿಲ್ಲ. ಸಾಮಾನ್ಯ ಚರ್ಮದ ಬೆಲ್ಟಿಗೆ ಹೋಲ್‌ಸ್ಟರ್ ಸಿಕ್ಕಿಸಿ ಎಳೆದು ನೋಡಿ, ಗನ್ನಿನ ಜೊತೆ ಪ್ಯಾಂಟೂ ಮೇಲೆ ಬರುತ್ತದೆ. ಪಂದ್ಯದವರು ಎರಡು ಪದರದ ಬೆಲ್ಟ್ ಹಾಕುತ್ತಾರೆ. ಒಳಗಿನದು ಪ್ಯಾಂಟಿನ ಕುಣಿಕೆಗಳಲ್ಲಿ, ಹೊರಗಿನ ಬಿರುಸಾದದ್ದು ವೆಲ್ಕ್ರೊದಿಂದ ಅದರ ಮೇಲೆ.

ಹೋಲ್‌ಸ್ಟರ್ ನಿಮ್ಮ ಪಿಸ್ತೂಲಿನ ಮಾಡೆಲ್‌ಗೇ ಮಾಡಿದ್ದಾಗಿರಲಿ, ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿನದು. ಟ್ರಿಗರ್ ಪೂರ್ತಿ ಮುಚ್ಚಬೇಕು. ಗನ್ ತೆಗೆದ ಮೇಲೆ ಬಾಯಿ ಮುಚ್ಚಿಕೊಳ್ಳುವ ಮೆತ್ತನೆ ಬಟ್ಟೆಯ ಹೋಲ್‌ಸ್ಟರ್ ಬೇಡ. ತೋರುಬೆರಳಿನಿಂದ ಗುಂಡಿ ಒತ್ತಿ ಬಿಡಿಸುವಂಥದ್ದೂ ಬೇಡ. ಅವಸರದಲ್ಲಿ ಒತ್ತುವ ಬೆರಳು ಅದೇ ಜೋರಿನಲ್ಲಿ ಟ್ರಿಗರ್ ಮೇಲೆ ಹೋಗಿ ಕೂರುತ್ತದೆ. ಎಷ್ಟೋ ಕ್ಲಬ್‌ಗಳು ಅದನ್ನು ನಿಷೇಧಿಸಿವೆ.

ಕಣ್ಣಿಗೆ ಕನ್ನಡಕ, ಕಿವಿಗೆ ಫೋಮ್ ಬಿರಡೆ ಮತ್ತು ಅದರ ಮೇಲೆ ಕಿವಿ ಪೂರ್ತಿ ಮುಚ್ಚುವ ಮಫ್. ಕತ್ತು ಮುಚ್ಚುವ ಟೀ ಶರ್ಟ್ ಹಾಕಿ. ಹೊರಗೆ ಚಿಮ್ಮುವ ಬಿಸಿ ಖಾಲಿ ಕೇಸು ಕಾಲರಿನೊಳಗೆ ಬಿದ್ದರೆ, ತುಂಬಿದ ಗನ್ ಕೈಯಲ್ಲಿ ಇರುವುದು ಮರೆತು ಮನುಷ್ಯ ಕುಣಿಯಲು ಶುರು ಮಾಡುತ್ತಾನೆ. ಅದನ್ನು ನೋಡಿದ್ದೇನೆ, ನಗು ಬರಲಿಲ್ಲ.

ಆಮೇಲೆ ಶಾಟ್ ಟೈಮರ್. ಇದು ಗುಂಡಿನ ಸದ್ದು ಕೇಳಿ ಸಮಯ ಬರೆದುಕೊಳ್ಳುತ್ತದೆ. ಗುಂಡಿ ಒತ್ತಿದ ಒಂದೆರಡು ಸೆಕೆಂಡಿನ ಮೇಲೆ, ಯಾವಾಗ ಅಂತ ಹೇಳದೆ ಬೀಪ್ ಮಾಡುತ್ತದೆ. ಪಾರ್ ಟೈಮ್ ಅಂತ ಇನ್ನೊಂದು ಸೌಲಭ್ಯವಿದೆ: ನೀವು ಹೇಳಿದಷ್ಟು ಸಮಯಕ್ಕೆ ಎರಡನೇ ಬೀಪ್. ಮನೆ ಅಭ್ಯಾಸಕ್ಕೆ ಫೋನಿನ ಉಚಿತ ಆ್ಯಪ್ ಸಾಕು.

ನಿಯಮ ನಾಲ್ಕು, ಇದರಲ್ಲಿ ರಿಯಾಯಿತಿ ಇಲ್ಲ. ಪ್ರತಿ ಗನ್ನೂ ತುಂಬಿದೆ ಅಂತಲೇ ತಿಳಿಯಬೇಕು. ನಾಶ ಮಾಡಲು ಇಷ್ಟವಿಲ್ಲದ ಯಾವುದರ ಕಡೆಗೂ ಮೂತಿ ತಿರುಗಬಾರದು. ಸೈಟ್ ಟಾರ್ಗೆಟ್ ಮೇಲೆ ಬರುವವರೆಗೆ ಬೆರಳು ಟ್ರಿಗರ್‌ಗೆ ಹೋಗಬಾರದು. ಟಾರ್ಗೆಟ್ ಯಾವುದು, ಅದರ ಹಿಂದೆ ಏನಿದೆ ಅನ್ನುವುದು ಗೊತ್ತಿರಬೇಕು. ಸೊಂಟದಿಂದ ಗನ್ ತೆಗೆಯುವಾಗ ಮೂತಿ ಇರುವುದು ನಿಮ್ಮದೇ ತೊಡೆಯ ಪಕ್ಕ. ಎರಡನೇ ಮೂರನೇ ನಿಯಮ ಒಟ್ಟಿಗೆ ಮುರಿದವರು ಆಂಬುಲೆನ್ಸ್‌ನಲ್ಲಿ ಮನೆಗೆ ಹೋಗುತ್ತಾರೆ.

ಮನೆಯಲ್ಲಿ, ಗುಂಡಿಲ್ಲದೆ

ನನ್ನ ಸಮಯ ಇಳಿದದ್ದು ರೇಂಜ್‌ನಲ್ಲಲ್ಲ, ಮಲಗುವ ಕೋಣೆಯಲ್ಲಿ. ದಿನಕ್ಕೆ ಹತ್ತೇ ನಿಮಿಷ, ಖಾಲಿ ಗನ್ನಿನಲ್ಲಿ. ಇದಕ್ಕೆ ಡ್ರೈ ಫೈರ್ ಅನ್ನುತ್ತಾರೆ.

ಮ್ಯಾಗಝಿನ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆಯಿರಿ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಎಳೆದು ತೆರೆದಿಡಿ. ಗುಂಡು ಕೂರುವ ಚೇಂಬರ್ ಒಳಗೆ ನೋಡಿ, ಆಮೇಲೆ ಕಿರುಬೆರಳು ತೂರಿಸಿ ಮುಟ್ಟಿ ನೋಡಿ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಜೇಬಿನಲ್ಲೂ ಒಂದಿರಬಾರದು. ಗುರಿ ಇಡುವ ಗೋಡೆ ಗುಂಡು ತಡೆಯುವಂಥದ್ದಾಗಿರಲಿ. ಅಮೆರಿಕದ ಮನೆಗಳ ಜಿಪ್ಸಮ್ ಗೋಡೆ ತಡೆಯುವುದಿಲ್ಲ. ನಾನು ಪುಸ್ತಕ ಒತ್ತೊತ್ತಾಗಿ ತುಂಬಿದ ಕಪಾಟಿನ ಕಡೆ ತಿರುಗುತ್ತೇನೆ, ಅದರ ಹಿಂದೆ ಇಟ್ಟಿಗೆಯ ಹೊರಗೋಡೆ ಇದೆ. ಈಗಿನ 9 ಮಿಮೀ ಪಿಸ್ತೂಲುಗಳಲ್ಲಿ ಬಹುತೇಕವನ್ನು ಖಾಲಿ ಹೊಡೆದರೆ ಏನೂ ಆಗುವುದಿಲ್ಲ. ಆದರೆ .22 ಎಂಬ ಸಣ್ಣ ಗುಂಡಿನ ಪಿಸ್ತೂಲಿನಲ್ಲಿ ಹಾಗೆ ಮಾಡಿದರೆ ಪಿನ್ನು ಚೇಂಬರಿನ ಅಂಚಿಗೆ ಬಡಿದು ಹಾಳಾಗಬಹುದು. ಡಮ್ಮಿ ಗುಂಡು ಹಾಕಿ, ಇಲ್ಲವೇ ಕೈಪಿಡಿ ನೋಡಿ.

ಅಪಾಯ ಇರುವುದು ಶುರುವಿನಲ್ಲಲ್ಲ, ಮುಗಿದ ಮೇಲೆ. ಅಭ್ಯಾಸ ಮುಗಿಸಿ, ಗನ್ ತುಂಬಿಸಿಟ್ಟು, 'ಇನ್ನೊಂದೇ ಒಂದು ಸಲ' ಅನಿಸುತ್ತದಲ್ಲ, ಟಿವಿಗೆ ತೂತು ಬೀಳುವುದು ಆಗಲೇ. 'ಇವತ್ತಿಗೆ ಮುಗೀತು' ಅಂತ ಬಾಯಿಬಿಟ್ಟು ಹೇಳಿ. ಹೆಂಡತಿ ನಗುತ್ತಾಳೆ, ನಗಲಿ.

ಕೈ ಮಾಡುವ ಕೆಲಸ

ಬಲಗೈಯವರ ಲೆಕ್ಕದಲ್ಲಿ ಬರೆಯುತ್ತೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಪಾದಗಳು ಭುಜದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ, ಮೈಭಾರ ತುಸು ಮುಂದಕ್ಕೆ. ಕೈಗಳು ಪಕ್ಕದಲ್ಲಿ ಜೋತುಬಿದ್ದಿರಲಿ. ಭುಜ ಬಿಗಿ ಹಿಡಿದರೆ ಬೀಪ್ ಆದಾಗ ಮೊದಲು ಭುಜ ಮೇಲೇಳುತ್ತದೆ, ಕೈ ಆಮೇಲೆ ಹೊರಡುತ್ತದೆ. ಕಣ್ಣು ಟಾರ್ಗೆಟ್‌ನ ಒಂದು ಚುಕ್ಕಿಯ ಮೇಲೆ.

ಮೊದಲನೆಯದು ಹಿಡಿತ. ಹೆಬ್ಬೆರಳು ತೋರುಬೆರಳಿನ ನಡುವಿನ ಕವೆ ಪಿಸ್ತೂಲಿನ ಹಿಡಿಯ ಮೇಲ್ತುದಿಗೆ, ಇನ್ನು ಮೇಲೆ ಹೋಗಲು ಜಾಗವೇ ಇಲ್ಲ ಅನ್ನುವ ಹಾಗೆ ಕೂರಬೇಕು. ಮೂರು ಬೆರಳು ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನ ಕೆಳಗೆ ಒತ್ತಿ ಸುತ್ತಿಕೊಳ್ಳಲಿ. ತೋರುಬೆರಳು ನೆಟ್ಟಗೆ, ಹೋಲ್‌ಸ್ಟರ್‌ನ ಹೊರಮೈ ಮೇಲೆ. ಇದು ಸಿಗುವವರೆಗೆ ಗನ್ ಒಂದು ಕೂದಲೆಳೆಯಷ್ಟೂ ಮೇಲೆ ಬರಬಾರದು. ನನ್ನ 0.9 ಸೆಕೆಂಡು ಕಳೆದದ್ದು ಇಲ್ಲೇ. ಎರಡು ವಾರ ನಾನು ಗನ್ ತೆಗೆಯಲೇ ಇಲ್ಲ. ಬೀಪ್, ಕೈ ಹೋಗಿ ಹಿಡಿಯುವುದು, ಬಿಡುವುದು. ದಿನಕ್ಕೆ 50 ಸಲ. ಬೋರು ಹೊಡೆಯುತ್ತೆ, ಆದರೆ ಇದಕ್ಕಿಂತ ಲಾಭದ ಅಭ್ಯಾಸ ನನಗೆ ಸಿಕ್ಕಿಲ್ಲ. ಅದೇ ಹೊತ್ತಿಗೆ ಎಡಗೈ ಸುಮ್ಮನೆ ನೇತಾಡಬಾರದು, ಹೊಟ್ಟೆಯ ಮೇಲ್ಭಾಗಕ್ಕೆ ಬಂದು ಅಂಟಿಕೊಳ್ಳಲಿ. ಎರಡು ಕೈ ಬೇಗ ಸೇರಲಿ ಅನ್ನುವುದು ಒಂದು ಕಾರಣ. ಎಡಗೈ ಮೂತಿಯ ಮುಂದೆ ಬರದಿರಲಿ ಅನ್ನುವುದು ಅದಕ್ಕಿಂತ ದೊಡ್ಡದು.

ಆಮೇಲೆ ನೇರ ಮೇಲಕ್ಕೆ. ಮೂತಿ ಹೋಲ್‌ಸ್ಟರ್‌ನಿಂದ ಹೊರಬಂದ ತಕ್ಷಣ ಟಾರ್ಗೆಟ್ ಕಡೆ ತಿರುಗಲಿ. ಎದೆಯ ಮುಂದೆ ಎಡಗೈ ಬಂದು ಸೇರುತ್ತದೆ. ಬಲಗೈ ಹಿಡಿದ ಮೇಲೆ ಹಿಡಿಯ ಎಡಮೈಯಲ್ಲಿ ಒಂದಿಷ್ಟು ಖಾಲಿ ಜಾಗ ಉಳಿದಿರುತ್ತದೆ, ಎಡ ಅಂಗೈಯ ಉಬ್ಬು ಅಲ್ಲೇ ತುಂಬಿಕೊಳ್ಳಬೇಕು. ಎರಡೂ ಹೆಬ್ಬೆರಳು ಮುಂದಕ್ಕೆ. ರಾಬ್ ಲೇಥಮ್, ಬ್ರಯಾನ್ ಎನೋಸ್ ಎಂಬ ಇಬ್ಬರು ಅಮೆರಿಕದ ಸ್ಪರ್ಧಿಗಳು 1980ರ ದಶಕದಲ್ಲಿ ಬಳಸಿ ಜನಪ್ರಿಯ ಮಾಡಿದ ಹಿಡಿತ ಇದು. ಈಗ ಪಂದ್ಯದಲ್ಲಿ ಬೇರೆ ಥರ ಹಿಡಿಯುವವರೇ ಅಪರೂಪ.

ಕೊನೆಗೆ ಚಾಚುವುದು. ಗನ್ ಕಣ್ಣಿನ ಎತ್ತರಕ್ಕೆ ಬರಲಿ, ನೀವು ತಲೆ ಬಗ್ಗಿಸಿ ಗನ್ ಹತ್ತಿರ ಹೋಗಬೇಡಿ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಹುಳಿಯ ಪಾತ್ರೆಯಿಂದ ಸೌಟು ಎತ್ತಿದ ಹಾಗೆ ಗನ್ ಕೆಳಗಿನಿಂದ ಬಳುಕಿ ಬರುವುದು. ಇನ್ನೊಂದು, ಗಾಳ ಎಸೆದ ಹಾಗೆ ಮೇಲೆ ಹೋಗಿ ಕೆಳಗಿಳಿಯುವುದು. ಎರಡರಲ್ಲೂ ಮುಂದಿನ ಸೈಟ್ ಕೊನೆಯ ಗಳಿಗೆಯವರೆಗೆ ಕಣ್ಣಿಗೆ ಬೀಳುವುದಿಲ್ಲ. ಎದೆಯಿಂದ ಮುಂದಕ್ಕೆ ತಳ್ಳಿದರೆ ಅರ್ಧ ದಾರಿಯಲ್ಲೇ ಸೈಟ್ ಕಾಣತೊಡಗುತ್ತದೆ, ತೋಳು ಮುಗಿಯುವಷ್ಟರಲ್ಲಿ ತಿದ್ದಿ ಆಗಿರುತ್ತದೆ. ಮೂತಿ ಟಾರ್ಗೆಟ್ ಮೇಲೆ ನಿಂತು, ಸೈಟ್ ಕಂಡು, ಹೊಡೆಯುತ್ತೇನೆ ಎಂದು ನಿರ್ಧರಿಸಿದ ಮೇಲೆ ಬೆರಳು ಒಳಗೆ.

ವೇಗ ಹಾಕುವುದು ಮೊದಲ ಅರ್ಧದಲ್ಲಿ, ಸೊಂಟದಿಂದ ಎದೆಯವರೆಗೆ. ಕೊನೆಯ ಒಂದು ಗೇಣು ಮೆತ್ತಗಿರಲಿ. ಕೊನೆಯಲ್ಲಿ ಧಡಕ್ ಅಂತ ತೋಳು ನಿಲ್ಲಿಸಿದರೆ ಸೈಟ್ ಕುಣಿಯುತ್ತದೆ, ಅದು ನಿಲ್ಲುವವರೆಗೆ ಕಾಯಬೇಕು. ಹೊಸಬರು ಉಲ್ಟಾ ಮಾಡುತ್ತಾರೆ. ನಾನೂ ಮಾಡಿದೆ.

ಹೋಲ್‌ಸ್ಟರ್‌ಗೆ ವಾಪಸ್ ಇಡುವಾಗ ಮಾತ್ರ ಆಮೆಯಾಗಿ. ಬೇಗ ಇಟ್ಟವರಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಬೆರಳು ನೆಟ್ಟಗೆ, ಕಣ್ಣು ಹೋಲ್‌ಸ್ಟರ್ ಮೇಲೆ, ಶರ್ಟಿನ ತುದಿ ಒಳಗೆ ಸಿಕ್ಕಿಕೊಂಡಿಲ್ಲ ಅಂತ ನೋಡಿ ಇಡಿ. ಏನಾದರೂ ಅಡ್ಡ ಬಂದರೆ ಒತ್ತಬೇಡಿ, ಹೊರತೆಗೆದು ನೋಡಿ.

ರೇಂಜ್‌ನಲ್ಲಿ

ಮನೆಯಲ್ಲಿ ನೂರು ಸಲ ತಪ್ಪಿಲ್ಲದೆ ಬಂದ ಮೇಲೆ ಗುಂಡು ತುಂಬಿ. ನಾನು ಒಂದು ದಿನಕ್ಕೆ 150 ಗುಂಡಿಗಿಂತ ಹೆಚ್ಚು ಹೊಡೆಯುವುದಿಲ್ಲ. ಕೈ ದಣಿದ ಮೇಲೆ ಹೊಡೆದದ್ದು ತಪ್ಪನ್ನೇ ಕಲಿಸುತ್ತದೆ.

7 ಯಾರ್ಡ್‌ನಿಂದ, ಅಂದರೆ ಸುಮಾರು 6.4 ಮೀಟರ್‌ನಿಂದ ಶುರು ಮಾಡಿ. ಯುಎಸ್‌ಪಿಎಸ್‌ಎ ರಟ್ಟಿನ ಟಾರ್ಗೆಟ್‌ನ ನಡುವಿನ ಎ-ಝೋನ್ 6 ಇಂಚು ಅಗಲ, 11 ಇಂಚು ಎತ್ತರ. ಎ4 ಹಾಳೆಯನ್ನು ಉದ್ದಕ್ಕೆ ಸ್ವಲ್ಪ ಮಡಚಿ ಅಂಟಿಸಿದರೂ ನಡೆಯುತ್ತೆ. ಮೊದಲ ಹತ್ತು ಸಲ ಟೈಮರ್ ಇಲ್ಲದೆ, ಒಂದೊಂದೇ ಗುಂಡು. ಹತ್ತೂ ಒಳಗೆ ಬಿದ್ದರೆ ಟೈಮರ್ ಆನ್ ಮಾಡಿ, ಆದರೆ ಅದರ ಜೊತೆ ಓಟಕ್ಕಿಳಿಯಬೇಡಿ. ನಿಮ್ಮ ಸಹಜ ಸಮಯ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದು 2.2 ಅಂದುಕೊಳ್ಳೋಣ. ಪಾರ್ ಟೈಮನ್ನು 2.1ಕ್ಕೆ ಇಡಿ. ಹತ್ತರಲ್ಲಿ ಹತ್ತೂ ಒಳಗಿದ್ದರೆ ಇನ್ನೊಂದು 0.1 ಇಳಿಸಿ. ಎಂಟಕ್ಕಿಂತ ಕಮ್ಮಿ ಆದರೆ 0.1 ಏರಿಸಿ. ಎಂಟು ಒಂಬತ್ತು ಇದ್ದರೆ ಅಲ್ಲೇ ಇರಿ, ಕಲಿಯುವ ಜಾಗ ಅದೇ. ಒಂದೇ ದಿನದಲ್ಲಿ 0.2ಕ್ಕಿಂತ ಜಾಸ್ತಿ ಇಳಿದರೆ ಬಹುಶಃ ನೀವು ಟಾರ್ಗೆಟ್ ನೋಡುತ್ತಿಲ್ಲ, ಟೈಮರ್ ನೋಡುತ್ತಿದ್ದೀರಿ. ಆತುರಗಾರನಿಗೆ ಬುದ್ಧಿ ಮಟ್ಟ.

ಸೈಟ್ ಎಷ್ಟು ಸರಿಯಾಗಿರಬೇಕು? ಇದು ಎಲ್ಲರ ಪ್ರಶ್ನೆ, ಉತ್ತರ ಹೈಸ್ಕೂಲ್ ತ್ರಿಕೋನದಲ್ಲಿದೆ. ಹಿಂದಿನ ಸೈಟ್‌ನಿಂದ ಮುಂದಿನದಕ್ಕೆ ಸುಮಾರು 15 ಸೆಂಟಿಮೀಟರ್. ಮುಂದಿನ ಸೈಟ್ 1 ಮಿಮೀ ಪಕ್ಕಕ್ಕೆ ಜಾರಿದೆ ಅಂದುಕೊಳ್ಳಿ. 7 ಯಾರ್ಡ್‌ನಲ್ಲಿ ಗುಂಡು ಸುಮಾರು 4 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಎ-ಝೋನ್‌ನ ನಡುಗೆರೆಯಿಂದ ಅಂಚಿಗೆ 7.6 ಸೆಂಟಿಮೀಟರ್ ಇದೆ, ಆರಾಮಾಗಿ ಒಳಗೇ. ಅದೇ 1 ಮಿಮೀ 25 ಯಾರ್ಡ್‌ನಲ್ಲಿ 15 ಸೆಂಟಿಮೀಟರ್ ಆಗುತ್ತದೆ, ಹೊರಗೆ. ಹಾಗಾಗಿ 3 ಯಾರ್ಡ್‌ನಲ್ಲಿ ಗನ್ನಿನ ಹಿಂಭಾಗದ ಆಕಾರ ಟಾರ್ಗೆಟ್ ನಡುವೆ ಕಂಡರೆ ಸಾಕು. 7ರಲ್ಲಿ ಸೈಟ್ ಸುಮಾರಾಗಿ ಹೊಂದಿದ್ದರೆ ಸಾಕು. 25ರಲ್ಲಿ ಮುಂದಿನ ಸೈಟ್‌ನ ಎರಡೂ ಕಡೆ ಕಾಣುವ ಬೆಳಕು ಸಮ ಇರಬೇಕು, ಟ್ರಿಗರ್ ಬೆಣ್ಣೆ ಒತ್ತಿದ ಹಾಗೆ ಒತ್ತಬೇಕು. ಹತ್ತಿರದ ಟಾರ್ಗೆಟ್‌ಗೂ ದೂರದ ಟಾರ್ಗೆಟ್‌ಗೂ ಒಂದೇ ಸಮಯ ಹಾಕುವವರು ಎರಡು ಕಡೆಯೂ ಸೋಲುತ್ತಾರೆ. ಕೈ ಸೊಂಟದಿಂದ ಎದೆಗೆ ಬರುವ ವೇಗ ಮಾತ್ರ ಎಲ್ಲ ದೂರಕ್ಕೂ ಒಂದೇ.

ಒಂದು ಗುಂಡು ಪಳಗಿದ ಮೇಲೆ ಬಿಲ್ ಡ್ರಿಲ್ ಮಾಡಿ. ಅಮೆರಿಕದ ಸ್ಪರ್ಧಿ ಬಿಲ್ ವಿಲ್ಸನ್ ಅವರ ಹೆಸರಿನದು. 7 ಯಾರ್ಡ್, ಹೋಲ್‌ಸ್ಟರ್‌ನಿಂದ, ಆರು ಗುಂಡು, ಆರೂ ಎ-ಝೋನ್‌ನಲ್ಲಿ. ಹಿಡಿತ ಅರೆಬರೆ ಇದ್ದರೆ ಮೊದಲ ಗುಂಡಿನಲ್ಲಿ ಗೊತ್ತಾಗುವುದಿಲ್ಲ, ನಾಲ್ಕನೆಯದರ ಹೊತ್ತಿಗೆ ಎಡಗೈ ಜಾರಿ ಬಣ್ಣ ಬಯಲಾಗುತ್ತದೆ. ಅದಕ್ಕೇ ಇದು ಒಳ್ಳೆಯ ಡ್ರಿಲ್.

ವೇಗಕ್ಕೂ ನಿಖರತೆಗೂ ನಮ್ಮ ಪಂದ್ಯದಲ್ಲಿ ಒಂದೇ ಲೆಕ್ಕ: ಅಂಕವನ್ನು ಸೆಕೆಂಡಿನಿಂದ ಭಾಗಿಸುವುದು. 9 ಮಿಮೀಯಂಥ ಕಡಿಮೆ ಬಲದ ಗುಂಡಿನ, ಅಂದರೆ ಮೈನರ್, ಲೆಕ್ಕದಲ್ಲಿ ನಡುವಿನ ಎ-ಗೆ 5, ಅದರ ಸುತ್ತಲಿನ ಸಿ-ಗೆ 3, ಅಂಚಿನ ಡಿ-ಗೆ 1, ಪೂರ್ತಿ ತಪ್ಪಿದರೆ 10 ಕಳೆಯುತ್ತಾರೆ. ಆರೂ ಎ, 3 ಸೆಕೆಂಡು: 30 ಭಾಗಿಸು 3, ಅಂದರೆ 10. ಅದೇ ಆರು ಎ, 4 ಸೆಕೆಂಡು: 7.5. ಈಗ ಶೂರನಾಗಿ 2.5 ಸೆಕೆಂಡಿನಲ್ಲಿ ಮೂರು ಎ, ಎರಡು ಸಿ, ಒಂದು ಮಿಸ್ ಹೊಡೆದೆ ಅನ್ನಿ: 15 ಮತ್ತು 6, ಅದರಲ್ಲಿ 10 ಹೋಗಿ 11. 2.5ರಿಂದ ಭಾಗಿಸಿದರೆ 4.4. ನಿಧಾನದವನೂ ನನಗಿಂತ ಎಷ್ಟೋ ಮೇಲೆ.

ಗುಂಡು ಎಡಗಡೆ ಕೆಳಗೆ ಹೋಗುತ್ತಿದೆಯಾ? ಬಲಗೈಯವರ ಹುಟ್ಟುರೋಗ ಅದು. ಸೈಟ್ ತಿರುಗಿಸಲು ಹೋಗಬೇಡಿ. ಊರಲ್ಲಿ ಹಾಲು ಕರೆದವರಿಗೆ ಇದು ಬೇಗ ಅರ್ಥವಾಗುತ್ತದೆ: ತೋರುಬೆರಳು ಮುಚ್ಚಿದ ಹಿಂದೆಯೇ ಮಿಕ್ಕ ಬೆರಳೂ ಸಾಲಾಗಿ ಮುಚ್ಚುತ್ತವೆ. ಕೆಚ್ಚಲಿಗೆ ಅದು ಸರಿ, ಪಿಸ್ತೂಲಿಗೆ ಅಲ್ಲ. ತೋರುಬೆರಳು ಎಳೆಯುವಾಗ ಉಳಿದ ಮೂರು ಹಿಂಡಿದರೆ ಮೂತಿ ಕೆಳಗೆ ಎಡಕ್ಕೆ ಬಗ್ಗುತ್ತದೆ. ಹಿಡಿಯುವಾಗಲೇ ಪೂರ್ತಿ ಬಿಗಿ ಹಿಡಿಯಿರಿ, ಎಡಗೈ ಇನ್ನೂ ಬಿಗಿ. ಆಮೇಲೆ ಹೆಚ್ಚಲು ಏನೂ ಉಳಿಯಬಾರದು. ಜೊತೆಗೆ ಗೆಳೆಯರ ಕೈಯಲ್ಲಿ ಮ್ಯಾಗಝಿನ್ ತುಂಬಿಸಿ, ನಡುವೆ ಎಲ್ಲೋ ಎರಡು ಡಮ್ಮಿ ಗುಂಡು ಸೇರಿಸಲು ಹೇಳಿ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಿಮ್ಮ ಗನ್ ಮುಂದಕ್ಕೆ ತಲೆ ಬಾಗಿಸುತ್ತದೆ. ಮೊದಲ ಸಲ ನೋಡಿದಾಗ ನನಗೆ ನಾಚಿಕೆಯಾಯಿತು.

ಪಂದ್ಯಕ್ಕೆ ಹೋಗುವ ಆಸೆ ಇದ್ದರೆ ರೇಂಜ್ ಆಫೀಸರ್ ಕೂಗುವ ಮಾತುಗಳನ್ನು ಅಭ್ಯಾಸದಲ್ಲೂ ಹೇಳಿಕೊಳ್ಳಿ. 'ಮೇಕ್ ರೆಡಿ' ಅಂದಾಗ ತುಂಬಿ ಹೋಲ್‌ಸ್ಟರ್‌ಗೆ ಹಾಕುವುದು, 'ಆರ್ ಯು ರೆಡಿ', 'ಸ್ಟ್ಯಾಂಡ್ ಬೈ', ಬೀಪ್. ಮುಗಿದ ಮೇಲೆ ಖಾಲಿ ಮಾಡಿ ತೋರಿಸಿ, ಟಾರ್ಗೆಟ್ ಕಡೆ ಒಮ್ಮೆ ಖಾಲಿ ಟ್ರಿಗರ್ ಒತ್ತಿ, ಹೋಲ್‌ಸ್ಟರ್‌ಗೆ ಹಾಕುವುದು. ಮೂತಿ 180 ಡಿಗ್ರಿ ಗೆರೆ, ಅಂದರೆ ನಿಮ್ಮ ಎಡಬಲಕ್ಕೆ ನೇರ ಹೋಗುವ ಗೆರೆ, ದಾಟಿ ಹಿಂದಕ್ಕೆ ತಿರುಗಿದರೆ, ಗನ್ ಕೈಜಾರಿ ಬಿದ್ದರೆ, ಆ ದಿನದ ಆಟ ಅಲ್ಲಿಗೆ ಮುಗಿಯಿತು. ಎಷ್ಟೇ ದೊಡ್ಡ ಚಾಂಪಿಯನ್ ಆದರೂ ಸರಿ.

ನನ್ನ ಪುಸ್ತಕದ ಮೊನ್ನೆಯ ಪುಟ ಹೀಗಿದೆ: '7 ಯಾರ್ಡ್, 30 ಸಲ, ಸರಾಸರಿ 1.52, ಎ 27. ಬಿಲ್ ಡ್ರಿಲ್ ಐದು ಸಲ, ಮೂರರಲ್ಲಿ ಎಡ ಅಂಗೈ ಜಾರಿತು, ಬೆವರು. 15 ಯಾರ್ಡ್‌ನಲ್ಲಿ ಅವಸರ.' ಇಷ್ಟು ಬರೆದರೆ ಸಾಕು, ಮುಂದಿನ ವಾರ ಮನೆಯಲ್ಲಿ ಏನು ಮಾಡಬೇಕು ಅಂತ ಅದೇ ಹೇಳುತ್ತದೆ.

ಖಾಲಿ ಕೇಸು ಆಯ್ದು, ಟಾರ್ಗೆಟ್ ಬಿಚ್ಚಿದ ಮೇಲೆ ಕೈ ತೊಳೆಯದೆ ನೀರಿನ ಬಾಟಲಿಯನ್ನೂ ಮುಟ್ಟಬೇಡಿ. ಗುಂಡಿನ ಹೊಗೆಯಲ್ಲಿ, ಧೂಳಿನಲ್ಲಿ ಸೀಸ ಇರುತ್ತದೆ. ತಣ್ಣೀರು, ಸೋಪು, ಮುಖವನ್ನೂ ಸೇರಿಸಿ. ಆ ದಿನದ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ಮಷಿನ್‌ಗೆ ಹೋಗಬಾರದು. ಶೂ ಬಾಗಿಲ ಹೊರಗೇ ಇರಲಿ. ಹೇಗೂ ನಮ್ಮ ಮನೆಗಳಲ್ಲಿ ಅವು ಹೊರಗೇ ಇರುವುದು, ಅಲ್ವಾ?